ಕಲ್ಲಾದ ಟೋಪಿ

ಇಂಗ್ಲೆಂಡಿನ ಹ್ಯಾರೋಗೇಟಿಗೆ ಬಂದ ಪ್ರವಾಸಿಗರು ಊರೆಲ್ಲ ಸುತ್ತಿ ಮುಗಿದ ಮೇಲೆ ಬಸ್ಸು ಹಿಡಿದು ಹೊಳೆದಂಡೆಯ ಈ ಬಂಡೆ ನೋಡಲು ಬರುತ್ತಿದ್ದರು. ಮೇಲಿಂದ ತೊಟ್ಟಿಕ್ಕುವ ನೀರಿಗೆ ಏನೇ ನೇತುಹಾಕಲಿ, ತಿಂಗಳುಗಟ್ಟಲೆ ಸುಣ್ಣ ಕಟ್ಟಿ ಅದು ಕಲ್ಲಾಗುತ್ತಿತ್ತು. ಬೆರಳಿಟ್ಟರೆ ಬೆರಳೂ ಕಲ್ಲಾಗುತ್ತದೆಯೇ ಎಂದು ದಿನಕ್ಕೆ ಇಪ್ಪತ್ತು ಜನ ಕೇಳುತ್ತಿದ್ದರು. ಹದಿನೇಳು ವರ್ಷದಿಂದ ಅಲ್ಲಿ ಕಾವಲಿದ್ದ ಗ್ವೆಂಡಾ ಥ್ಯಾಕ್ರೆ ಮೊದಲೆಲ್ಲ ನಗುತ್ತಿದ್ದಳು. ಈಗ ತಲೆ ಎತ್ತದೆ "ಇಲ್ಲ" ಎನ್ನುತ್ತಿದ್ದಳು. ತೇವಕ್ಕೆ ಮಂಡಿ ಹಿಡಿದುಕೊಂಡಿತ್ತು.

ಅಕ್ಟೋಬರಿನ ಒಂದು ಸಂಜೆ, ಇನ್ನೇನು ಗೇಟು ಹಾಕಬೇಕು ಎನ್ನುವಾಗ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಬಂದಳು.

"ನಾನು ಎಡ್ನಾ ಹೋಲ್ರಾಯ್ಡ್. ಹೋದ ವರ್ಷ ಈಸ್ಟರ್‌ನಲ್ಲಿ ನಮ್ಮನೆಯವರ ಟೋಪಿ ಇಲ್ಲಿ ನೇತುಹಾಕಿಸಿದ್ದೆ. ವಾಪಸ್ ಬೇಕಿತ್ತು."

ಗ್ವೆಂಡಾ ಕೊಕ್ಕೆಯಿಂದ ಅದನ್ನು ಇಳಿಸಿದಳು. ಎರಡು ಕೈಯಲ್ಲಿ ಹಿಡಿದು ತರಬೇಕಾಯಿತು. ಮೇಜಿನ ಮೇಲಿಟ್ಟಾಗ ಧಡ್ ಎಂದಿತು.

ಎಡ್ನಾ ಅದನ್ನು ಬೆರಳಿಂದ ತಟ್ಟಿದಳು. "ನೆನೆಹಾಕಿದ್ರೆ ಸುಣ್ಣ ಬಿಡಲ್ವಾ?"

"ಬಿಡಲ್ಲ ಕಣ್ರೀ. ಸುತ್ತಿಗೆ ಹಾಕಿದ್ರೆ ಟೋಪಿನೂ ಹೋಗುತ್ತೆ."

ಎಡ್ನಾ ಬೆಂಚಿನ ಮೇಲೆ ಕುಸಿದಳು. ಗ್ವೆಂಡಾಗೆ ಮನೆ ಸೇರಿದರೆ ಸಾಕಾಗಿತ್ತು. ಆದರೂ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಬಗ್ಗಿಸಿಕೊಟ್ಟು ಪಕ್ಕದಲ್ಲಿ ಕೂತಳು.

"ನಮ್ಮನೆಯವರು ಬಸ್ ಡ್ರೈವರ್ ಆಗಿದ್ರು. ಮರೆವು ಶುರುವಾದ್ಮೇಲೆ, ಟೋಪಿ ಕಂಡ್ರೆ ಸಾಕು, ಬೆಳಗ್ಗೆ ಐದಕ್ಕೇ ಡ್ಯೂಟಿಗೆ ಅಂತ ಹೊರಟುಬಿಡೋರು. ಎರಡು ಸಲ ಪೊಲೀಸ್‌ನವರು ಕರ್ಕೊಂಡು ಬಂದ್ರು. ಟೋಪಿನ ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ, ಇಲ್ಲಿಗೆ ತಂದೆ."

"ಹೋಗೋದು ನಿಲ್ತಾ?"

"ನಿಲ್ತು. ಬರಿತಲೇಲಿ ಡ್ಯೂಟಿಗೆ ಹೋಗೋ ಮನುಷ್ಯ ಅಲ್ಲ. ಈಗ ವೃದ್ಧಾಶ್ರಮದಲ್ಲಿದ್ದಾರೆ, ಬಾಗಿಲಿಗೆ ಬೀಗ ಇರುತ್ತೆ. ನಾನು ಯಾರು ಅಂತ ಕೇಳಲ್ಲ. ಟೋಪಿ ಎಲ್ಲಿ ಅಂತ ದಿನಾ ಕೇಳ್ತಾರೆ."

ಗ್ವೆಂಡಾ ಎದ್ದು, ಜನ ಮರೆತುಹೋದ ಸಾಮಾನಿನ ಪೆಟ್ಟಿಗೆ ಕೆದಕಿ ಅದೇ ಆಕಾರದ ಉಣ್ಣೆಯ ಟೋಪಿಯೊಂದನ್ನು ತಂದಳು. "ಬಣ್ಣ ಹೆಚ್ಚುಕಡಿಮೆ ಹಿಂಗೇ ಇತ್ತಲ್ವಾ? ಅವರಿಗೆ ಗೊತ್ತಾಗುತ್ತಾ?"

ಎಡ್ನಾ ಅದನ್ನು ಮೂಸಿದಳು. "ಗೊತ್ತಾಗ್ಲಿ ಅಂತಾನೂ ಇದೆ, ಗೊತ್ತಾಗ್ದೇ ಇರ್ಲಿ ಅಂತಾನೂ ಇದೆ."

ಟೋಪಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಲ್ಲಿನದನ್ನು ಅಲ್ಲೇ ಬಿಟ್ಟು ಹೋದಳು. ಗ್ವೆಂಡಾ ಮಂಡಿ ನೋವಿಗೆ ಗೊಣಗುತ್ತ ಅದನ್ನು ಮತ್ತೆ ನೀರಿನ ಕೆಳಗೆ ನೇತುಹಾಕಿದಳು.

ಮುಂದಿನ ಮಂಗಳವಾರ ಎಡ್ನಾಳ ಫೋನ್ ಬಂತು. ದನಿ ದಣಿದಿತ್ತು.

"ಒಳಗೆ ತಿರುಗಿಸಿ ನೋಡಿ, ನಂದಲ್ಲ ಅಂದ್ರು."

"ಅಯ್ಯೋ. ಹಾಕ್ಕೊಳ್ಳಲೇ ಇಲ್ವಾ?"

"ಹಾಕ್ಕೊಂಡ್ರು. ಊಟಕ್ಕೆ ಕೂತ್ರೂ ತೆಗೀಲಿಲ್ಲ. ಆಮೇಲೆ ನನ್ನ ನೋಡಿ, ಎಲ್ಲಿಗೆ ಹೋಗ್ಬೇಕಮ್ಮಾ ಅಂತ ಕೇಳಿದ್ರು. ಹ್ಯಾರೋಗೇಟ್‌ಗೆ ಅಂದೆ. ಹಿಂದ್ಗಡೆ ಜಾಗ ಇದೆ, ಕೂತ್ಕೊಳ್ಳಿ ಅಂದ್ರು. ಕೂತ್ಕೊಂಡೆ."