ನಡುಮನೆಗೆ ಗೋಡೆ

"ಆ ತುದಿ ಯಾರಾದ್ರೂ ಹಿಡ್ಕೊಳ್ಳಿ" ಎಂದು ಕಂಟ್ರಾಕ್ಟರ್ ಅಳತೆಯ ನೂಲು ಚಾಚಿದ. ಯಾರೂ ಹಿಡಿಯಲಿಲ್ಲ.

ಮನೆಯ ಅಣ್ಣತಮ್ಮಂದಿರಲ್ಲಿ ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ತಮ್ಮ ಕಿಟಕಿಯಾಚೆ ಏನೋ ಇರುವಂತೆ ನೋಡುತ್ತಿದ್ದ. ಕೊನೆಗೆ ಅವರಿಬ್ಬರ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಕೊಡಪ್ಪ, ನಾನು ಹಿಡೀತೀನಿ. ಇಷ್ಟು ಬಿಗಿ ಸಾಕಾ?"

ಹನ್ನೊಂದು ವರ್ಷ ಬೇರೆಯವರ ಆಫೀಸಿನಲ್ಲಿ ಕೂತು ನಕ್ಷೆ ಬರೆದು, ಆ ಕೆಲಸ ಬಿಟ್ಟು, ಸ್ವಂತ ಕಂಟ್ರಾಕ್ಟರ್ ಆದ ಮೇಲೆ ಅವನಿಗೆ ಸಿಕ್ಕ ಮೊದಲ ಕೆಲಸ ಇದು. ಮನೆ ಕಟ್ಟುವ ಕೆಲಸ ಎಂದು ಹೆಂಡತಿಗೆ ಹೇಳಿದ್ದ. ಕಟ್ಟಿದ ಮನೆಯನ್ನು ಎರಡು ಮಾಡುವುದು ಎನ್ನಲು ಬಾಯಿ ಬಂದಿರಲಿಲ್ಲ. ಗೋಡೆಯೂ ಮನೆಯದೇ ತಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ನೂಲು ಅಕ್ಕನ ಮಂಚದ ಮೇಲೆ, ದಿಂಬಿನ ನಟ್ಟನಡುವೆ ಹಾದುಹೋಯಿತು.

"ಮಂಚ ಯಾವ ಕಡೆಗೆ?"

"ಅವನನ್ನ ಕೇಳಿ" ಎಂದ ಅಣ್ಣ.

"ಅವರಿಷ್ಟ" ಎಂದ ತಮ್ಮ, ಕಿಟಕಿಗೆ.

ತಾಯಿ ಸತ್ತ ಮೇಲೆ ಇಬ್ಬರನ್ನೂ ಎತ್ತಿ ಆಡಿಸಿ ಬೆಳೆಸಿದವಳು ಇವಳೇ ಎಂದು ಮೇಸ್ತ್ರಿ ಬೆಳಿಗ್ಗೆಯೇ ಹೇಳಿದ್ದ. ಅವಳು ನಕ್ಕಳು. "ಚಿಕ್ಕಂದಿನಿಂದ್ಲೂ ಹೀಗೇ. ಒಬ್ಬನಿಗೊಬ್ಬ ಸಂಕೋಚ. ಗಾಳಿ ಬರೋ ಕಡೆ ಹಾಕಿಬಿಡಪ್ಪ."

ಇನ್ನೊಮ್ಮೆ ಯೋಚನೆ ಮಾಡಿ ಎಂದು ಅವನು ಹೇಳಬಹುದಿತ್ತು. ಹೇಳಿದರೆ ಕೆಲಸ ಕೈತಪ್ಪೀತು. ಮಂಚದ ಒಂದು ತುದಿಯನ್ನು ತಾನೇ ಎತ್ತಿದ. ಮಂಚ ಕಿಟಕಿಯಿದ್ದ ಕಡೆಗೆ, ತಮ್ಮನ ಪಾಲಿಗೆ ಹೋಯಿತು.

ಊಟದ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಕೆಲಸ ನೆನಪು ಮಾಡಿಕೊಂಡು ಹೊರಟುಹೋದರು. ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿತು. ತೂಗುಗುಂಡು ಬಿಟ್ಟು ನೋಡಿದ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಒಂದು ಗಳಿಗೆ ಎದೆ ಉಬ್ಬಿತು. ಉಬ್ಬಿದ್ದಕ್ಕೆ ನಾಚಿಕೆಯಾಯಿತು. ಆಚೆಯಿಂದ ಅವಳು ಹಾಸಿಗೆ ಕೊಡವುವ ಸದ್ದು ಕೇಳುತ್ತಲೇ ಇತ್ತು.

ಸಂಜೆಗೆ ಗೋಡೆ ಅವನ ಭುಜ ಮುಟ್ಟಿತು. ಮೇಸ್ತ್ರಿ ಕರಣೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಸಾರ್, ಆ ಕಡೆಗೆ ಬಾಗಿಲೇ ಇಲ್ವಲ್ಲ."

ಮನೆಗಿದ್ದದ್ದು ಒಂದೇ ಬಾಗಿಲು. ಅದು ಅಣ್ಣನ ಪಾಲಿನದು. ಹೊಸ ಬಾಗಿಲನ್ನು ಎಲ್ಲಿ ಇಡಿಸಬೇಕೆಂದು ನಾಳೆ ತಿಳಿಸುತ್ತೇನೆಂದು ಹೇಳಿ ತಮ್ಮ ಹೋಗಿದ್ದ. ಮೊದಲು ಅದನ್ನು ಇಡಿಸಿ ಆಮೇಲೆ ನಡುವಿನ ಗೋಡೆ ಎಬ್ಬಿಸಬೇಕು. ಇಷ್ಟು ಎಂಥವನಿಗೂ ಹೊಳೆಯುತ್ತದೆ. ಅವನಿಗೆ ಹೊಳೆದಿರಲಿಲ್ಲ.

"ಅಕ್ಕಾ, ಸ್ವಲ್ಪ ಬಿಚ್ಚಿಸ್ತೀನಿ. ಈ ಕಡೆ ಬಂದ್ಬಿಡಿ."

"ಯಾವ ಕಡೆಗೆ ಬಂದ್ರೂ ಇನ್ನೊಬ್ಬನಿಗೆ ಬೇಜಾರು" ಎಂದಿತು ಗೋಡೆಯಾಚೆಯ ದನಿ. "ಇಷ್ಟು ಚೆನ್ನಾಗಿ ಎದ್ದಿದೆ, ಕೆಡಿಸಬೇಡಪ್ಪ."

ಅವಳು ಗಿಡ್ಡ, ಮುಖ ಕಾಣಲಿಲ್ಲ. ಬೆರಳುಗಳಷ್ಟೇ ಗೋಡೆಯ ಮೇಲೆ ಬಂದು, ಹಸಿ ಗಾರೆಯನ್ನು ಮೆಲ್ಲಗೆ ಸವರುತ್ತಿದ್ದವು.

"ಮುಂದಿನ ಸಾಲು ಇಡ್ಲಾ ಸಾರ್?"

ಅವನು ತೂಗುಗುಂಡಿನ ದಾರ ಸುತ್ತತೊಡಗಿದ. ಮೇಸ್ತ್ರಿ ಇಟ್ಟಿಗೆ ಎತ್ತಿ ಹಿಡಿದು, ಆ ಬೆರಳುಗಳು ಸರಿಯಲೆಂದು ಕಾದ.