ಗೋಲಿಗೆ ಕಟ್ಟಿದ ರಂಪಣಿ ಬಲೆ

ನಾನು ಒಂದು ಬಲೆ. ಹುಟ್ಟಿದ್ದು ಕಾರವಾರದ ಕಡಲದಂಡೆಯಲ್ಲಿ, ಊರವರೆಲ್ಲ ಸೇರಿ ದಂಡೆಗೆ ಎಳೆಯುವ ದೊಡ್ಡದೊಂದು ರಂಪಣಿ ಬಲೆಯ ಭಾಗವಾಗಿ. ನನ್ನನ್ನು ಹೆಣೆದ ಬೆರಳುಗಳಿಗೆ ಉಪ್ಪಿನ ವಾಸನೆಯಿತ್ತು. ಬೆಳಗಾದರೆ ನೀರಿಗಿಳಿಯುವುದು, ಬಂಗಡೆ ಮೀನುಗಳ ಗದ್ದಲವನ್ನು ತಬ್ಬಿಕೊಂಡು ದಂಡೆಗೆ ಬರುವುದು, ಮಧ್ಯಾಹ್ನ ಬಿಸಿಲಲ್ಲಿ ತೂಕಡಿಸುವುದು. ಆಹಾ, ಎಂಥ ಸುಖದ ದಿನಗಳು!

ಯಂತ್ರದ ದೋಣಿಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು. ಆಗ ನನ್ನನ್ನು ಕತ್ತರಿಸಿ ಹೊತ್ತೊಯ್ದವನು ಪುರ್ಸು ಹರಿಕಂತ್ರ. ಊರಿನ ಸಣ್ಣ ಕಾಲೇಜಿನಲ್ಲಿ ಮೈದಾನ ನೋಡಿಕೊಳ್ಳುವ ಜವಾನ ಅವನು. ಅಲ್ಲಿ ಫುಟ್‌ಬಾಲಿನ ಗೋಲಿಗೆ ಕಂಬಗಳಿದ್ದವು, ಬಲೆಯಿರಲಿಲ್ಲ. ಹೊಸ ಕೆಲಸ ನನಗೆ ಹಿಡಿಸಿತು. ಈ ಮೀನು ಗುಂಡಗಿತ್ತು, ಸಿಕ್ಕಿಬಿದ್ದರೂ ಸಾಯುತ್ತಿರಲಿಲ್ಲ.

ನನ್ನ ಮುಂದೆ ನಿಲ್ಲುತ್ತಿದ್ದವನು ಗೋಲ್‌ಕೀಪರ್ ಸಂದೇಶ ತಾಂಡೇಲ. ಮೂರು ವರ್ಷ ಅವನ ಬೆನ್ನು ನೋಡಿಯೇ ಮನಸ್ಸು ತಿಳಿಯುತ್ತಿದ್ದೆ. ಕಾಲೇಜು ಮೊದಲ ಸಲ ಅಂತರ ಕಾಲೇಜು ಫೈನಲ್ ತಲುಪಿತ್ತು, ಅದೂ ನಮ್ಮದೇ ಮೈದಾನದಲ್ಲಿ. ಸಂದೇಶನಿಗೆ ಅದು ಕೊನೆಯ ವರ್ಷ. ಆ ಕಪ್ ಅವನಿಗೆ ಬೇಕೇಬೇಕಾಗಿತ್ತು.

ಬೇರೆ ದಿನ ಹೇಗೋ ತೂಗುಹಾಕುತ್ತಿದ್ದ ಪುರ್ಸು, ಅಂದು ನನ್ನನ್ನು ಎಳೆದೆಳೆದು ಕಟ್ಟಿದ. ಜೋಲುಬಿದ್ದ ಬಲೆಯೆಂದರೆ ಮೀನುಗಾರರ ಕೇರಿಯಲ್ಲಿ ನಗೆಪಾಟಲು. ದೊಡ್ಡವರೆಲ್ಲ ಬರುವ ದಿನ ಹಾಗೆ ಬಿಡುವುದುಂಟೇ? ಗೋಲಿನ ಬಲೆ ಸಡಿಲವಾಗಿರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆಟ ಮುಗಿಯುತ್ತ ಬಂದಿತ್ತು. ಎರಡೂ ಕಡೆ ಗೋಲಿಲ್ಲ. ಹಳಿಯಾಳದ ತಂಡದ ಜುಜೆ ಸಿದ್ದಿ ದೂರದಿಂದ ಒದ್ದ. ಚೆಂಡು ಸಂದೇಶನ ಬೆರಳು ದಾಟಿ, ಅಡ್ಡಪಟ್ಟಿಯ ಕೆಳಗಿಂದ ಒಳಗೆ ಬಂತು. ತಬ್ಬಿಕೊಳ್ಳಲು ಹೋದೆ. ಆದರೆ ಮೈಯೆಲ್ಲ ಬಿಗಿ. ಚೆಂಡು ನನಗೆ ಬಡಿದು, ಪುಟಿದು, ಸಂದೇಶನ ಕೈಗೇ ವಾಪಸು ಹೋಯಿತು.

ರೆಫರಿ ದೂರವಿದ್ದರು. ಓಡಿಬಂದು ಕೇಳಿದರು: “ಪಟ್ಟಿಗೆ ಬಡೀತೇನೋ?”

ಸಂದೇಶ ಹೌದೆಂದು ತಲೆಯಾಡಿಸಿದ. ಅವನ ಬೆನ್ನು ನಡುಗಿದ್ದು ನನಗೆ ಮಾತ್ರ ಕಂಡಿತು. ಸ್ವಲ್ಪ ಹೊತ್ತಿಗೆ ನಮ್ಮವರು ಆಚೆ ತುದಿಯಲ್ಲಿ ಗೋಲು ಹೊಡೆದು ಕಪ್ ಗೆದ್ದರು. ಜುಜೆ ಮಣ್ಣಲ್ಲಿ ಕೂತು ತನ್ನ ಬಲಗಾಲನ್ನೇ ನೋಡುತ್ತಿದ್ದ.

ಮುಂದೆ ಸಂದೇಶ ಅದೇ ಕಾಲೇಜಿನಲ್ಲಿ ಆಟದ ಮೇಷ್ಟರಾದ. ಪ್ರತಿ ಪಂದ್ಯಕ್ಕೂ ಮುಂಚೆ ಒಬ್ಬನೇ ಬಂದು ನನ್ನ ಗಂಟು ಸಡಿಲಿಸುತ್ತಿದ್ದ. ಅದಕ್ಕೂ ಮುಂಚೆ ಪುರ್ಸು ಸಡಿಲಿಸಿರುತ್ತಿದ್ದ! ಇಬ್ಬರ ಕೈಗೂ ಸಿಕ್ಕಿ ನಾನು ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಗೋಲಿಗೆ ಹೊಟ್ಟೆ ಬಂದಿದೆಯೆಂದು ಹುಡುಗರು ನಗುತ್ತಿದ್ದರು. ಯಾಕೆ ಹೀಗೆಂದು ಅವರಿಬ್ಬರೂ ಪರಸ್ಪರ ಕೇಳಿಕೊಳ್ಳಲಿಲ್ಲ.

ಹತ್ತೊಂಬತ್ತು ವರ್ಷಗಳ ಮೇಲೆ ಹೊಸ ಬಲೆ ಬಂತು. ನನ್ನನ್ನು ಬಿಚ್ಚುವಾಗ ಸಂದೇಶನಿಗೆ ತಡೆಯಲಾಗಲಿಲ್ಲ.

“ಪುರ್ಸಣ್ಣಾ, ಆ ಫೈನಲ್ ದಿವ್ಸ ಬಾಲ್ ಒಳ್ಗೇ ಬಂದಿತ್ತು.”

“ಗೊತ್ತಿತ್ತು ತಮಾ. ಬಿಗಿ ಕಟ್ಟಿದವ ನಾನೇ ಅಲ್ವನಾ? ನಿನ್ ಕಪ್ ಹೋಗ್ತದೆ ಅಂತ ಸುಮ್ನಿದ್ದೆ.”

ಈಗ ನಾನು ಪುರ್ಸುವಿನ ಅಂಗಳದಲ್ಲಿ, ಒಣಮೀನಿನ ಮೇಲೆ ಹರಡಿಕೊಂಡು ಕಾಗೆ ಕಾಯುತ್ತೇನೆ. ಕಳೆದ ಭಾನುವಾರ ಸಂದೇಶ ತಲೆ ನರೆತ ಒಬ್ಬನನ್ನು ಕರೆತಂದ. ನನ್ನನ್ನು ತೋರಿಸಿ ಎಲ್ಲ ಹೇಳಿದ, ಕೈ ಮುಗಿದ. ಬಂದವನು ಜುಜೆ. ಬೈಯುತ್ತಾನೆಂದು ಕಾದೆ. ಅವನು ಕೂತು ನನ್ನ ಹೆಣಿಗೆಯ ಕಣ್ಣೊಂದಕ್ಕೆ ಬೆರಳು ತೂರಿಸಿ ಮೆಲ್ಲಗೆ ಎಳೆದ.

“ಒಳ್ಗೇ ಹೋಗಿತ್ತನಾ? ಪಟ್ಟಿಗೇ ಹೊಡ್ದೆ ಅಂತ ನಾನೂ ನಂಬ್ಕಂಡ್ ಬಿಟ್ಟಿದ್ದೆ ಮಾರಾಯಾ. ಆಮೇಲೆ ಬಾಲ್ ಮುಟ್ಟೇ ಇಲ್ಲ.”

ಸಂದೇಶ ಅವನ ಪಕ್ಕ ನೆಲದಲ್ಲೇ ಕೂತ. ನನಗೂ ಸಂಕಟವಾಯಿತು.

ವಯಸ್ಸಾಯಿತು ನೋಡಿ, ಬಿಸಿಲಿಗೆ ಜೊಂಪು ಹತ್ತುತ್ತದೆ. ಕನಸಿನಲ್ಲಿ ಅದೇ ಚೆಂಡು ಬರುತ್ತದೆ. ತಬ್ಬಿ ಹಿಡಿದುಕೊಳ್ಳುತ್ತೇನೆ. ಜುಜೆ ಎರಡೂ ಕೈ ಎತ್ತಿ ಓಡುತ್ತಾನೆ. ಸಂದೇಶ ಸೋತು, ಮನಸಾರೆ ಅತ್ತು, ಹಗುರಾಗಿ ಮನೆಗೆ ಹೋಗುತ್ತಾನೆ.