ಸೋಮವಾರದ ಹತ್ತು ರೂಪಾಯಿ

ಚಂದಾಪುರದಿಂದ ಜಿಗಣಿ ಕಡೆಗೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಬಸಲಿಂಗನ ಜೋಳದ ರೊಟ್ಟಿ ಖಾನಾವಳಿ. ಹೆಸರಿಗೆ ಅದು ಬಸಲಿಂಗನದು. ರೊಟ್ಟಿ ಬಡಿಯುವವಳು ಹೆಂಡತಿ ದಾನೇಶ್ವರಿ, ಪಲ್ಯ ಮಾಡುವವಳು ದಾನೇಶ್ವರಿ, ಯಾವ ಜೋಳದ ಹಿಟ್ಟಿಗೆ ಎಷ್ಟು ಎಸರು ಬೇಕೆಂದು ಬಲ್ಲವಳೂ ಅವಳೇ. ಬಸಲಿಂಗನ ಪಾಲಿಗೆ ಉಳಿದದ್ದು ಗಲ್ಲಾಪೆಟ್ಟಿಗೆ. ಅದನ್ನೂ ಅವನು ಖಾಲಿ ಮಾಡಿ, ಒಳಗೆ ಬಡೇಸೋಪು ತುಂಬಿ, ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದ. ಪಕ್ಕದಲ್ಲೇ ಬೋರ್ಡು ಬರೆಸಿದ್ದ: ‘ಇಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.’ ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಸೋಮವಾರ ರಜೆ.’

ರೋಣ ತಾಲ್ಲೂಕಿನಿಂದ ಬಂದವನು ಊರವರಿಗಿಂತ ನಾಲ್ಕು ಹೆಜ್ಜೆ ಮುಂದಿದ್ದಾನೆ ಎಂಬುದಕ್ಕೆ ಈ ಬೋರ್ಡು ಸಾಕ್ಷಿ ಎಂದು ಅವನು ನಂಬಿದ್ದ. ದುಡ್ಡು ಬಿದ್ದಾಗಲೆಲ್ಲ ಮೇಜಿನ ಮೇಲಿನ ಸೌಂಡ್ ಬಾಕ್ಸ್ ‘ಎಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಹೇಳುತ್ತಿತ್ತು. ಆ ಹೆಣ್ಣುದನಿಯನ್ನು ಕೇಳುವಾಗ ಬಸಲಿಂಗನ ಮುಖದಲ್ಲಿ ಮೂಡುತ್ತಿದ್ದ ಸಮಾಧಾನ ದಾನೇಶ್ವರಿಯ ಯಾವ ಮಾತಿಗೂ ಮೂಡುತ್ತಿರಲಿಲ್ಲ. ಇದನ್ನು ದಾನೇಶ್ವರಿಯೇ ಗಿರಾಕಿಗಳ ಎದುರು ಹೇಳಿದ್ದಳು.

ಫೋನಿಲ್ಲದ ಗಾರೆ ಕೆಲಸದ ಹೆಂಗಸರು ಮಾತ್ರ ಹಿಂದಿನ ಬಾಗಿಲಿಗೆ ಬಂದು, ಅಡುಗೆಮನೆಯಲ್ಲೇ ರೊಟ್ಟಿ ಕಟ್ಟಿಸಿಕೊಂಡು, ನೋಟು ಕೊಟ್ಟು ಹೋಗುತ್ತಿದ್ದರು. ದಾನೇಶ್ವರಿ ಆ ನೋಟುಗಳನ್ನು ಶೇಂಗಾ ಡಬ್ಬಿಯ ತಳದಲ್ಲಿ ಇಡುತ್ತಿದ್ದಳು. ಇದು ಹಳೇ ಕಾಲದ ವ್ಯವಹಾರ ಎಂದು ಬಸಲಿಂಗ ಮೂಗು ಮುರಿಯುತ್ತಿದ್ದ. ತನಗೂ ಫೋನಿಗೆ ಸೇರಿದ ಒಂದು ಖಾತೆ ಬೇಕೆಂದು ಅವಳು ಕೇಳಿದಾಗ, ಒಂದು ಮನೆಗೆ ಒಂದು ಖಾತೆ ಸಾಕು, ಎರಡಾದರೆ ತಲೆಬೇನೆ ಎಂದು ಬುದ್ಧಿ ಹೇಳಿದ್ದ. ಬುದ್ಧಿ ಹೇಳುವುದರಲ್ಲಿ ಅವನು ಯಾವತ್ತೂ ಜಿಪುಣನಾಗಿರಲಿಲ್ಲ.

ತಲೆಬೇನೆ ಒಂದೇ ಖಾತೆಯಿಂದಲೇ ಬಂತು. ಗುರುವಾರ ಬೆಳಿಗ್ಗೆ ರೋಣದ ಕಡೆಯ ಜೋಳದ ವ್ಯಾಪಾರಿಗೆ ಫೋನಿನಲ್ಲಿ ಹಣ ಕಳಿಸಲು ಹೋದರೆ ಹೋಗಲಿಲ್ಲ. ನೆಟ್‌ವರ್ಕ್ ಇಲ್ಲವೆಂದು ಟೆರೇಸಿಗೆ ಹತ್ತಿದ. ಹೋಗಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದ. ಆಗಲೂ ಹೋಗಲಿಲ್ಲ. ಕೆಳಗಿನಿಂದ ಮಾತ್ರ ಸೌಂಡ್ ಬಾಕ್ಸ್ ಎಪ್ಪತ್ತು ರೂಪಾಯಿ, ಎಪ್ಪತ್ತು ರೂಪಾಯಿ ಎಂದು ಎಡೆಬಿಡದೆ ಕೂಗುತ್ತಿತ್ತು. ಖಾತೆಗೆ ಬರುವ ಬಾಗಿಲು ತೆರೆದೇ ಇತ್ತು, ಹೋಗುವ ಬಾಗಿಲಿಗೆ ಯಾರೋ ಬೀಗ ಹಾಕಿದ್ದರು.

ಮನೆಯಲ್ಲಿ ಉಳಿದಿದ್ದ ಜೋಳ ಶನಿವಾರದವರೆಗೆ ಮಾತ್ರ ಸಾಕಾಗುವಷ್ಟು. ಹಿಂದಿನ ಬಾಕಿ ತೀರದೆ ವ್ಯಾಪಾರಿ ಮುಂದಿನ ಮೂಟೆಯನ್ನು ಬಸ್ಸಿಗೆ ಹಾಕುವವನಲ್ಲ. ರೊಟ್ಟಿ ಇಲ್ಲದ ರೊಟ್ಟಿ ಖಾನಾವಳಿಗೆ ಎರಡನೇ ದಿನ ಯಾರೂ ಬರುವುದಿಲ್ಲ. ಎದುರು ಸಾಲಿನಲ್ಲೇ ಬಾಗಲಕೋಟೆಯವರದು ಇನ್ನೊಂದು ಖಾನಾವಳಿ ತೆರೆದು ತಿಂಗಳಾಗಿತ್ತು.

ಬ್ಯಾಂಕಿನಲ್ಲಿ ಆಶಾರಾಣಿ ಎಂಬ ಅಧಿಕಾರಿ ಕಂಪ್ಯೂಟರ್ ನೋಡಿ ವಿಷಯ ಹೇಳಿದರು. ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನ್ ಮೋಸವಾಗಿದೆ. ಆ ಹಣದಲ್ಲಿ ಒಂದು ಚೂರು ಕೈಯಿಂದ ಕೈಗೆ ದಾಟಿ ಬಸಲಿಂಗನ ಖಾತೆಗೆ ಬಂದಿದೆ. ಅಲ್ಲಿನ ಸೈಬರ್ ಪೊಲೀಸರು ಕೇಳಿದ್ದರಿಂದ ಖಾತೆಯನ್ನು ತಡೆಹಿಡಿಯಲಾಗಿದೆ. ಆ ಹಣ ಯಾವುದಕ್ಕೆ ಬಂತು ಎಂದು ಬರೆದು, ದಾಖಲೆ ಇದ್ದರೆ ಲಗತ್ತಿಸಿ ಕೊಟ್ಟರೆ ಅವರಿಗೆ ಕಳಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಮನೆಯವರ ಹೆಸರಿನಲ್ಲಿ ಬೇರೆ ಖಾತೆ ತೆರೆದರೆ ಒಳ್ಳೆಯದೆಂದೂ ಹೇಳಿದರು. ಆ ಕೊನೆಯ ಮಾತನ್ನು ಬಸಲಿಂಗ ಕೇಳಿಸಿಕೊಳ್ಳಲಿಲ್ಲ.

ಈ ನಡುವೆ ಫ್ರಿಜ್ಜಿನ ಕಂತೂ ಖಾತೆಯಿಂದ ಹೋಗಲಾರದೆ ಬೌನ್ಸ್ ಆಗಿತ್ತು. ಅದಕ್ಕೆ ಬ್ಯಾಂಕಿನ ದಂಡ ಐನೂರು, ಅದರ ಮೇಲೆ ತೆರಿಗೆ ತೊಂಬತ್ತು.

“ಖಾತೆಯೊಳಗ ರೊಕ್ಕ ಐತಲ್ರೀ ಮೇಡಂ. ಮತ್ತ ದಂಡ ಯಾಕ?”

“ದುಡ್ಡು ಇದೆ ಸಾರ್. ಸಿಗಲ್ಲ ಅಷ್ಟೇ.”

“ದಂಡ ಮಾತ್ರ ನಿಮಗ ಸಿಗತೈತಲ್ಲ?”

ಆಶಾರಾಣಿ ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿ ಪೊಲೀಸರು ಕೇಳಿದ ಮೊತ್ತವನ್ನು ತೋರಿಸಿದರು: ಐದು ಸಾವಿರದ ಹತ್ತು ರೂಪಾಯಿ. ಯಾವುದೆಂದು ನೆನಪಿದೆಯೇ ಎಂದು ಕೇಳಿದರು. ದಿನಕ್ಕೆ ನೂರಾರು ಜನ ಬರುವ ಜಾಗ, ಹೇಗೆ ನೆನಪಿರುತ್ತದೆ ಎಂದ ಬಸಲಿಂಗ. ನೆನಪು ಎಷ್ಟು ಚೆನ್ನಾಗಿತ್ತೆಂದರೆ ಕಿವಿ ಬಿಸಿಯಾಗಿತ್ತು.

ಅದು ಒಂದು ಸೋಮವಾರ. ಖಾನಾವಳಿ ಮುಚ್ಚಿತ್ತು, ಬಸಲಿಂಗ ಹೊರಗೆ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಬೈಕಿನಲ್ಲಿ ಬಂದ ಹುಡುಗನೊಬ್ಬ ಹೆಲ್ಮೆಟ್ ತೆಗೆಯದೆಯೇ, ಎಟಿಎಂನಲ್ಲಿ ಕ್ಯಾಶ್ ಇಲ್ಲ ಅಣ್ಣಾ, ಆಸ್ಪತ್ರೆಗೆ ಅರ್ಜೆಂಟ್, ಫೋನಿಗೆ ಐದು ಸಾವಿರ ಹಾಕ್ತೀನಿ, ಕ್ಯಾಶ್ ಕೊಡಿ ಎಂದ. ಬಸಲಿಂಗ ಯೋಚಿಸುವವನಂತೆ ಆಕಾಶ ನೋಡಿ, ಮೇಲೆ ಹತ್ತು ರೂಪಾಯಿ ಆಗುತ್ತದೆ ಎಂದ. ಹುಡುಗ ಚೌಕಾಸಿ ಮಾಡಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಇನ್ನೂ ಇಪ್ಪತ್ತು ಕೇಳಬಹುದಿತ್ತೇನೋ ಎಂಬ ಚಿಂತೆ ಬಂತು. ನೋಟು ಕೊಟ್ಟದ್ದು ದಾನೇಶ್ವರಿಯ ಶೇಂಗಾ ಡಬ್ಬಿಯಿಂದ. ಸಂಜೆ ಅವಳಿಗೆ ಹೇಳಿದ್ದ: “ನೋಡು, ರಜಾ ದಿನಾನೂ ಕುಂತಲ್ಲೇ ಗಳಿಸಿದೆ.”

ಈಗ ಖಾತೆ ಏಕೆ ನಿಂತಿದೆ ಎಂದು ಅವಳು ಕೇಳಿದಾಗ ಸರ್ವರ್ ಪ್ರಾಬ್ಲಂ ಎಂದ. ಸರ್ವರ್ ಎಂದರೇನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಉಪಾಯ ಹೇಳಿದವನು ಈರೇಶ್. ಜಿಗಣಿಯ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಓಡಿಸುವ ಅವನು, ನಿತ್ಯದ ಗಿರಾಕಿ, ತಮಾಷೆಗಾಗಿಯೇ ಹುಟ್ಟಿದವನು. ಮಾಲಕಿ ವಸಂತಮ್ಮನ ಕ್ಯೂಆರ್ ಅಂಟಿಸಿಬಿಡು ಅಣ್ಣಾ, ಹೇಗೂ ನಾವು ರೂಮಿನ ಬಾಡಿಗೆ ಅದಕ್ಕೇ ಹಾಕುವವರು, ಊಟದ್ದನ್ನೂ ಹಾಕುತ್ತೇವೆ ಎಂದ. ಬಸಲಿಂಗ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ವಸಂತಮ್ಮ ಆ ಊರಿನ ಹಳೇ ರೈತ ಮನೆತನದವಳು. ಹೊಲವಿದ್ದ ಕಡೆ ಈಗ ಸಾಲು ಮನೆಗಳು, ಖಾನಾವಳಿಯ ಜಾಗವೂ ಅವಳದೇ, ಬಾಡಿಗೆಯೆಲ್ಲ ಅವಳ ಒಂದೇ ಖಾತೆಗೆ. ಊಟದ ಹಣ ಅವಳ ಖಾತೆಗೆ ಬೀಳಲಿ, ಅವಳು ಅದನ್ನು ಜೋಳದ ವ್ಯಾಪಾರಿಗೆ ಕಳಿಸಲಿ ಎಂದು ಏರ್ಪಾಡಾಯಿತು. ಸರ್ವರ್ ಪ್ರಾಬ್ಲಂ ಎಂಬ ಮಾತನ್ನು ಅವಳಿಗೂ ಹೇಳಿದ. ಅವಳು ಎಲೆ ಅಡಿಕೆ ಜಗಿಯುತ್ತ ಹೂಂ ಅಂದಳು.

ಶುಕ್ರವಾರ ಮಧ್ಯಾಹ್ನ ಗಿರಾಕಿಗಳು ವಸಂತಮ್ಮನಿಗೆ ಹಣ ಹಾಕಿ ದಾನೇಶ್ವರಿಯ ರೊಟ್ಟಿ ತಿಂದರು. ಬಸಲಿಂಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಡೇಸೋಪು ಹಂಚಿದ. ಅವನ ಸೌಂಡ್ ಬಾಕ್ಸ್ ಮೂಕವಾಗಿತ್ತು. ಇಡೀ ಖಾನಾವಳಿಯಲ್ಲಿ ಅವನಿಗೂ ಆ ಬಾಕ್ಸಿಗೂ ಮಾತ್ರ ಕೆಲಸವಿರಲಿಲ್ಲ.

ಇನ್ನು ಉಳಿದದ್ದು ಬ್ಯಾಂಕಿಗೆ ಕೊಡುವ ದಾಖಲೆ. ಅದಕ್ಕೂ ಅವನ ಬಳಿ ಜಾಣತನವಿತ್ತು. ಸೀಮಂತದ ಊಟಕ್ಕೆ ಆರ್ಡರ್ ಬಂದಿತ್ತು ಎಂದು ಒಂದು ಬಿಲ್ ಬರೆದರೆ ಮುಗಿಯಿತು. ಆದರೆ ಎಪ್ಪತ್ತು ರೂಪಾಯಿಯ ಊಟ ಎಷ್ಟು ಕೊಟ್ಟರೂ ಐದು ಸಾವಿರದ ಹತ್ತು ಆಗುತ್ತಿರಲಿಲ್ಲ. ಎಪ್ಪತ್ತೊಂದು ಊಟ ಬರೆದ. ನಲವತ್ತು ರೂಪಾಯಿ ಉಳಿಯಿತು. ಅದನ್ನು ಶೇಂಗಾ ಚಟ್ನಿಯ ಲೆಕ್ಕಕ್ಕೆ ಹಾಕಿದ. ಒಂದು ಸುಳ್ಳಿಗೆ ಇಷ್ಟು ನಿಖರವಾದ ಲೆಕ್ಕವನ್ನು ಅವನು ನಿಜದ ವ್ಯಾಪಾರದಲ್ಲಿ ಎಂದೂ ಮಾಡಿರಲಿಲ್ಲ.

ಆಶಾರಾಣಿ ಬಿಲ್ಲನ್ನು ಓದಿದರು. ಮೊತ್ತ ನೋಡಿದರು, ತಾರೀಖು ನೋಡಿದರು, ಮೇಜಿನ ಮೇಲಿನ ಕ್ಯಾಲೆಂಡರ್ ತಿರುವಿದರು.

“ಇದು ಸೋಮವಾರ ಅಲ್ವಾ ಸಾರ್?”

“ಇರಬಹುದ್ರೀ.”

“ನಾನು ಒಂದು ಸೋಮವಾರ ನಿಮ್ಮ ರೊಟ್ಟಿಗೆ ಅಂತಲೇ ಚಂದಾಪುರದಿಂದ ಆಟೋ ಮಾಡ್ಕೊಂಡು ಬಂದಿದ್ದೆ. ರಜೆ ಅಂತ ಬೋರ್ಡು ಇತ್ತು. ವಾಪಸ್ ಹೋಗಿ ಮೊಸರನ್ನ ತಿಂದೆ.”

ಬಸಲಿಂಗನಿಗೆ ತಾನು ಬರೆಸಿದ ಬೋರ್ಡಿನ ಸಣ್ಣ ಅಕ್ಷರ ಕಣ್ಣ ಮುಂದೆ ಬಂತು. ಎಪ್ಪತ್ತೊಂದು ಊಟದ ಲೆಕ್ಕ ಹಾಕಿದವನಿಗೆ ವಾರ ಯಾವುದೆಂದು ನೋಡುವ ಬುದ್ಧಿ ಬಂದಿರಲಿಲ್ಲ.

ಆಶಾರಾಣಿ ದನಿ ಏರಿಸಲಿಲ್ಲ. ಈ ಬಿಲ್ ಕಳಿಸಿದರೆ ಪೊಲೀಸರು ಸೀಮಂತ ಯಾರದು ಎಂದು ಕೇಳುತ್ತಾರೆ, ಆಗ ಬಸುರಿಯನ್ನು ಎಲ್ಲಿಂದ ತರುತ್ತೀರಿ ಎಂದಷ್ಟೇ ಕೇಳಿದರು. ಬಿಲ್ಲನ್ನು ವಾಪಸ್ ಕೊಟ್ಟು ಬಿಳಿ ಹಾಳೆಯನ್ನು ಮುಂದಿಟ್ಟರು. ಬಸಲಿಂಗ ಬರೆದ. ಹೆಲ್ಮೆಟ್ಟು, ಆಸ್ಪತ್ರೆ, ಐದು ಸಾವಿರ. ಹತ್ತು ರೂಪಾಯಿಯ ಸಾಲಿಗೆ ಬಂದಾಗ ಪೆನ್ನು ತುಸು ನಿಂತಿತು. ಅದನ್ನೂ ಬರೆದ.

ಹಾಳೆಯನ್ನು ತೆಗೆದುಕೊಂಡ ಆಶಾರಾಣಿ, ಹಾಗಾದರೆ ಈಗ ಗಿರಾಕಿಗಳು ಹಣ ಎಲ್ಲಿಗೆ ಹಾಕುತ್ತಿದ್ದಾರೆ ಎಂದು ವಿಚಾರಿಸಿದರು. ಈ ಒಂದು ವಿಷಯದಲ್ಲಾದರೂ ಮೆಚ್ಚುಗೆ ಸಿಕ್ಕೀತೆಂದು ಅವನು ವಸಂತಮ್ಮನ ಕ್ಯೂಆರ್ ಕತೆಯನ್ನು ಉತ್ಸಾಹದಿಂದ ಹೇಳಿದ.

“ಅಂದ್ರೆ ನಾಳೆ ಗೊತ್ತಿಲ್ಲದವರ ಕೆಟ್ಟ ದುಡ್ಡು ಇನ್ನೊಂದ್ಸಲ ಬಂದ್ರೆ ಅವರ ಅಕೌಂಟೂ ನಿಲ್ಲುತ್ತೆ. ಅವರಿಗೆ ಹೇಳಿದೀರಾ ಇದನ್ನ?”

ಬಸ್ಸಿಗೆ ಕಾಯದೆ ಬಸಲಿಂಗ ನಡೆದೇ ಹೊರಟ. ವಸಂತಮ್ಮನಿಗೆ ಹೇಳದಿದ್ದರೆ ಇವತ್ತು ಸಂಜೆಯೇ ಜೋಳದ ಹಣ ಹೋಗುತ್ತದೆ, ನಾಳೆ ಮೂಟೆ ಬಸ್ಸು ಹತ್ತುತ್ತದೆ, ಖಾನಾವಳಿ ನಿಲ್ಲುವುದಿಲ್ಲ. ಹೇಳಿದರೆ ಅವಳು ಕ್ಯೂಆರ್ ಕಿತ್ತುಕೊಂಡು ಹೋಗುತ್ತಾಳೆ. ಇಡೀ ಸಾಲಿನ ಬಾಡಿಗೆ ಬೀಳುವ ಖಾತೆ. ಯಾರಾದರೂ ಹಾಗೇ ಮಾಡುತ್ತಾರೆ. ಆ ಹೆಲ್ಮೆಟ್ಟಿನ ಹುಡುಗ ತನಗೆ ಮಾಡಿದ್ದನ್ನೇ ತಾನು ವಸಂತಮ್ಮನಿಗೆ ಮಾಡುತ್ತಿದ್ದೇನೆ ಎಂಬುದು ಪೆಟ್ರೋಲ್ ಬಂಕಿನ ಹತ್ತಿರ ಬರುವಾಗ ಹೊಳೆಯಿತು. ವ್ಯತ್ಯಾಸ ಇಷ್ಟೇ: ಆ ಹುಡುಗ ಹತ್ತು ರೂಪಾಯಿಯನ್ನಾದರೂ ಕೊಟ್ಟಿದ್ದ.

ಖಾನಾವಳಿಯಲ್ಲಿ ಸಂಜೆಯ ಪಾಳಿಗೆ ಹೋಗುವವರು ಊಟಕ್ಕೆ ಕೂತಿದ್ದರು. ವಸಂತಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ತನ್ನ ಫೋನಿಗೆ ಬೀಳುವ ಎಪ್ಪತ್ತುಗಳನ್ನು ನೋಡುತ್ತ ಕೂತಿದ್ದಳು. ಬಸಲಿಂಗ ಎಲ್ಲರ ಎದುರಿಗೇ ಹೇಳಿದ. ಒಬ್ಬಳಿಗೇ ಗುಟ್ಟಾಗಿ ಹೇಳಲು ಹೊರಟರೆ ಮತ್ತೆ ಸರ್ವರ್ ಎಂಬ ಮಾತು ಬಾಯಿಗೆ ಬಂದೀತೆಂಬ ಭಯ ಅವನಿಗೆ.

ವಸಂತಮ್ಮ ಜಗಿಯುವುದನ್ನು ನಿಲ್ಲಿಸಿದಳು. “ಅತ್ತು ರೂಪಾಯ್ಗಾ?”

“ಹೌದ್ರೀ ಅಮ್ಮಾ.”

“ಐದು ಸಾವ್ರ ಕೊಟ್ಟು ಅತ್ತು ರೂಪಾಯಿ ತಗಂಡ್ಯಾ? ಇಂಗೂ ಒಂದು ಯಾಪಾರ ಐತಾ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ದಾನೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಆ ಐದು ಸಾವಿರ ನನ್ನ ಡಬ್ಬಿದಲ್ರೀ?” ಎಂದಳು. ಬಸಲಿಂಗ ತಲೆಯಾಡಿಸಿದ. “ಹಂಗಾರ ನೀವು ಗಳಿಸಿದ್ದು ಹತ್ತು, ನಾ ಕಳಕೊಂಡಿದ್ದು ಐದು ಸಾವಿರ. ಬರೋಬ್ಬರಿ ಪಾಲು ಮಾಡೀರಿ.” ಒಳಗೆ ಹೋದಳು. ಬಡಿಯುವ ಸದ್ದು ಮತ್ತೆ ಕೇಳಿಸಿತು, ಮೊದಲಿಗಿಂತ ಜೋರಾಗಿ. ಆ ಕೈಯ ಕೆಳಗೆ ಹಿಟ್ಟಿನ ಬದಲು ತನ್ನ ಬೆನ್ನೇ ಇದ್ದಂತೆ ಬಸಲಿಂಗನಿಗೆ ಅನ್ನಿಸಿತು.

ವಸಂತಮ್ಮ ಎದ್ದು, ಗೋಡೆಯ ಮೇಲಿನ ತನ್ನ ಕ್ಯೂಆರ್ ಕಿತ್ತು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಲ್ಲಿಯವರೆಗೆ ಬಿದ್ದ ಊಟದ ಹಣವನ್ನೂ ಯಾರಿಗೂ ಕಳಿಸುವುದಿಲ್ಲ, ಅದು ಬಾಡಿಗೆಗೆ ಆಯಿತು ಎಂದಳು. ಖಾನಾವಳಿ ಮುಚ್ಚಿತೆಂದೇ ಬಸಲಿಂಗ ತಿಳಿದ. ಬಾಗಿಲು ದಾಟುವಾಗ ಅವಳು ತಿರುಗಿ, ಮುಚ್ಚಿದರೆ ಬರೋ ತಿಂಗಳ ಬಾಡಿಗೆ ನಿಮ್ಮಪ್ಪ ಕೊಡ್ತಾನಾ ಎಂದು ಕೇಳಿದಳು. ಅರ್ಧ ಗಂಟೆಯಲ್ಲಿ ಅವಳ ಮನೆಯಿಂದ ಒಂದು ಮೂಟೆ ರಾಗಿ ಹಿಟ್ಟು ಬಂತು.

ಹೀಗೆ, ಭಾನುವಾರದಿಂದ, ಜೋಳದ ರೊಟ್ಟಿ ಖಾನಾವಳಿಯಲ್ಲಿ ರಾಗಿಮುದ್ದೆ. ಬೋರ್ಡಿನ ‘ತೆಗೆದುಕೊಳ್ಳುವುದಿಲ್ಲ’ ಎಂಬುದರ ‘ವುದಿಲ್ಲ’ದ ಮೇಲೆ ಬಸಲಿಂಗ ಸುಣ್ಣ ಬಳಿದು, ‘ತ್ತೇವೆ’ ಎಂದು ಬರೆದ. ದಾನೇಶ್ವರಿಗೆ ಮುದ್ದೆ ಕಟ್ಟಲು ವಸಂತಮ್ಮನೇ ಕಲಿಸಿದಳು. ಗದಗ, ಕೊಪ್ಪಳ, ಯಾದಗಿರಿಯ ಗಂಡಸರು ಮುದ್ದೆಯನ್ನು ರೊಟ್ಟಿಯಂತೆ ಅಗಿದರು. ವಸಂತಮ್ಮ ಸಾಲಿನ ನಡುವೆ ಓಡಾಡುತ್ತ, ನುಂಗ್ರಪ್ಪ, ಅಗೀಬ್ಯಾಡ್ರಿ, ನುಂಗ್ರಿ ಎಂದು ಗದರಿದಳು. ಈರೇಶ್ ಒಂದು ತುತ್ತು ನುಂಗಿ ಕಣ್ಣೀರು ಒರೆಸಿಕೊಂಡು, “ಅಣ್ಣಾ, ನಿನ್ನ ಖಾತೆ ಹಂಗ ಇದೂ ಗಂಟಲಾಗ ಹೋಲ್ಡ್ ಆತು ನೋಡು” ಎಂದ. ಆದರೂ ಮರುದಿನ ಬಂದ. ಎದುರಿನ ಖಾನಾವಳಿಗೆ ಕೆಲವರು ಹೋದರು. ಮುದ್ದೆ ತಿನ್ನುವ ತಮಾಷೆ ನೋಡಲು ಅದಕ್ಕಿಂತ ಹೆಚ್ಚು ಜನ ಬಂದರು. ಆ ವಾರ ಸೋಮವಾರವೂ ರಜೆ ಮಾಡಲಿಲ್ಲ.

ಆ ಸೋಮವಾರವೇ ದಾನೇಶ್ವರಿ ಮಧ್ಯಾಹ್ನದ ಊಟ ಮುಗಿಸಿ, ಗಂಡನನ್ನು ಕೇಳದೆ ಬ್ಯಾಂಕಿಗೆ ಹೋಗಿ ಆಶಾರಾಣಿಯ ಮುಂದೆ ಕೂತು ಖಾತೆ ತೆರೆದು ಬಂದಳು. ವಾರದೊಳಗೆ ಗೋಡೆಗೆ ಅವಳ ಕ್ಯೂಆರ್ ಬಂತು. ಜೋಳದ ವ್ಯಾಪಾರಿಗೂ ಅವಳೇ ಕಳಿಸಿದಳು. ಮೂಟೆ ಬಂತು, ರೊಟ್ಟಿ ಬಂತು. ಮುದ್ದೆಯನ್ನು ಮಾತ್ರ ಬಿಡಬಾರದೆಂದು ಗಿರಾಕಿಗಳೇ ಹಟ ಹಿಡಿದದ್ದರಿಂದ ಅದೂ ಉಳಿಯಿತು.

ತಿಂಗಳು ಕಳೆದ ಮೇಲೆ ಬಸಲಿಂಗನ ಖಾತೆಯ ಬೀಗ ತೆರೆಯಿತು. ಐದು ಸಾವಿರದ ಹತ್ತನ್ನು ಮಾತ್ರ ಹಿಡಿದಿಟ್ಟು ಉಳಿದದ್ದನ್ನು ಬಿಟ್ಟರು. ಫ್ರಿಜ್ಜಿನ ದಂಡ ಐನೂರ ತೊಂಬತ್ತು ವಾಪಸ್ ಬರಲಿಲ್ಲ. ತಾನು ಗಳಿಸಿದ ಆ ಹತ್ತು ರೂಪಾಯಿಯೂ ಹಿಡಿದಿಟ್ಟ ಮೊತ್ತದಲ್ಲೇ ಸೇರಿಕೊಂಡಿದೆ ಎಂಬುದನ್ನು ಅವನು ಎರಡು ಸಲ ಲೆಕ್ಕ ಹಾಕಿ ಖಚಿತಪಡಿಸಿಕೊಂಡ.

ಮುಂದಿನ ಸೋಮವಾರ ರಜೆ. ಬಸಲಿಂಗ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಒಬ್ಬ ಸ್ಕೂಟರ್ ನಿಲ್ಲಿಸಿ, ಫೋನಿಗೆ ಎರಡು ಸಾವಿರ ಹಾಕುತ್ತೇನೆ, ಕ್ಯಾಶ್ ಸಿಗುತ್ತದೆಯೇ, ಮೇಲೆ ಇಪ್ಪತ್ತು ಕೊಡುತ್ತೇನೆ ಎಂದು ಕೇಳಿದ. ಇಪ್ಪತ್ತು ಎಂದ ಕೂಡಲೇ ಬಸಲಿಂಗನ ಕಿವಿ ನೆಟ್ಟಗಾದದ್ದು ಸುಳ್ಳಲ್ಲ. ಅವನು ತನ್ನ ಕಿವಿಯನ್ನು ನಂಬದೆ ಒಳಗೆ ಕೂಗಿ ಹೇಳಿದ: “ದಾನವ್ವಾ, ಯಾರೋ ಕ್ಯಾಶ್ ಕೇಳಾಕತ್ತಾರ.”

ಒಳಗಿನಿಂದ ಉತ್ತರ ಬಂತು: “ಮುದ್ದಿ ಐತಿ ಅನ್ರಿ. ನುಂಗಿ ಹೋಗ್ಲಿ.”